ಆ ವರ್ಷದ ಉಪ್ಪಿನಕಾಯಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ನೆನಪು ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಅದು ಸುಳ್ಳು ಹೇಳುವ ಪೈಕಿಯಲ್ಲ. ಕೇಳುವವರಿಗೆ ಬೇಸರವಾಗಬಾರದೆಂದು ಒಂದಿಷ್ಟು ಸೇರಿಸುವ ಪೈಕಿ. ಆರನೇ ಇಯತ್ತೆಯಿಂದ ದಿನಚರಿ ಬರೆಯುತ್ತಿದ್ದೇನೆ. ದಿನಚರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ಮರೆಯುವುದು ಇನ್ನೂ ಸಲೀಸಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಸ್ಯಶಾಸ್ತ್ರ ಓದುವಾಗ, ಕಂಡದ್ದನ್ನು ಬರೆಯಬೇಕು, ಅಂದುಕೊಂಡದ್ದನ್ನು ಬರೆಯಬಾರದು ಎಂದು ಕಲಿಸಿದರು. ಅಂದಿನಿಂದ ನನ್ನ ದಿನಚರಿಯಲ್ಲಿ 'ಬಹುಶಃ' ಎಂಬ ಶಬ್ದ ಎಷ್ಟು ತುಂಬಿಕೊಂಡಿದೆಯೆಂದರೆ, ಬೆಳಿಗ್ಗೆ ಹಾಲಿನವನು ಬಂದ ಎಂಬುದನ್ನೂ ನಾನು ಖಚಿತವಾಗಿ ಎಲ್ಲಿಯೂ ಬರೆದಿಲ್ಲ.

ಇಂಥ ನಾನು ಈ ಸಲದ ದಸರಾ ರಜೆಯಲ್ಲಿ, ಬರೀ ನೆನಪಿನ ಬಲದ ಮೇಲೆ, ಒಂದು ಮರವನ್ನು ಉಳಿಸಲು ಹೊರಟೆ.

ನಾನು ಶಿಗ್ಗಾಂವಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆಗೆ ಮೊದಲು ನಮ್ಮನ್ನು ಹಾನಗಲ್ಲಿನಲ್ಲಿ ಎರಡು ದಿನದ ಶಿಬಿರಕ್ಕೆ ಕಳಿಸಿದ್ದರು. ವಿಷಯ, ಊಟಕ್ಕೆ ಒದಗುವ ಮರಗಳು. ಕಾಡಂಚಿನಲ್ಲಿ, ಹೊಲದ ಬದುವಿನಲ್ಲಿ ತಾವಾಗಿ ಬೆಳೆದು ಕಾಯಿ, ಹಣ್ಣು, ಎಲೆ, ಹೂವು ಕೊಡುವ ಮರಗಳು ಎಷ್ಟೋ ಇವೆ. ಅವನ್ನು ಉಳಿಸಿಕೊಂಡು ನಡುವೆ ಬೆಳೆ ತೆಗೆದರೆ, ಬೆಳೆ ಕೈಕೊಟ್ಟ ವರ್ಷವೂ ಮನೆಯ ತಾಟು ಬರಿದಾಗುವುದಿಲ್ಲ ಎಂದು ಅಲ್ಲಿ ತಿಳಿಸಿದರು. ತಿಳಿಸಿದವರು ಒಳ್ಳೆಯ ಮನುಷ್ಯರು. ಮಧ್ಯಾಹ್ನದ ಊಟಕ್ಕೆ ನಮಗೆಲ್ಲ ಪಲಾವ್ ತರಿಸಿದ್ದರು. ಅದರಲ್ಲಿ ಮರದಿಂದ ಬಂದದ್ದು ಅಂದರೆ ಒಂದು ದಾಲ್ಚಿನ್ನಿ ಚಕ್ಕೆ ಮಾತ್ರ. ಅದನ್ನು ಎಲ್ಲರೂ ತೆಗೆದು ಎಲೆಯ ಅಂಚಿಗೆ ಇಟ್ಟರು.

ನಾನು ಮಾತ್ರ ಹುರುಪಿನಿಂದ ಮರಳಿ, ಎಂಟನೇ ತರಗತಿಗೆ ಒಂದು ಚಟುವಟಿಕೆ ಕೊಟ್ಟೆ: ನಿಮ್ಮ ಮನೆಯಲ್ಲಿ ಯಾವ ಯಾವ ಮರದ್ದು ತಿನ್ನುತ್ತೀರಿ, ಹತ್ತು ಹೆಸರು ಬರೆದು ತನ್ನಿ. ಮಾವು, ಪೇರಲ, ತೆಂಗು, ನುಗ್ಗೆ, ಹುಣಸೆಯವರೆಗೆ ಎಲ್ಲರೂ ಒಂದೇ ಸಮ ಬಂದರು. ಆಮೇಲೆ ಪಟ್ಟಿ ಸೇಬಿಗೆ ಹೋಯಿತು. ಬಾರಿ, ನೇರಲ, ಕವಳಿ, ಬೆಳವಲ, ಕಾರಿ ಇವನ್ನೆಲ್ಲ ಶಾಲೆಯ ಹಿಂದಿನ ಗುಡ್ಡದಲ್ಲಿ ಇದೇ ಮಕ್ಕಳು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಬರುವುದನ್ನು ನಾನು ಕಣ್ಣಾರೆ ಕಂಡವಳು (ಇದು ಖಚಿತ). ಒಬ್ಬರೂ ಬರೆದಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, "ನಮ್ಮ ಮನ್ಯಾಗ ಅಂಥಾದ್ದೆಲ್ಲಾ ತಿನ್ನಂಗಿಲ್ರಿ ಟೀಚರ್. ನಮಗ ರೇಷನ್ ಬರ್ತೈತ್ರಿ" ಎಂದಳು. ಗುಡ್ಡದ್ದನ್ನು ತಿನ್ನುವುದು ಒಂದು, ತಿಂದೆವೆಂದು ಹಾಳೆಯ ಮೇಲೆ ಬರೆದುಕೊಡುವುದು ಬೇರೊಂದು. ಬರೆದುಕೊಟ್ಟರೆ ಮನೆಯಲ್ಲಿ ಹೊಟ್ಟೆಗಿಲ್ಲ ಎಂದು ಅರ್ಜಿ ಹಾಕಿದ ಹಾಗೆ. ನಾನು ಆ ಹುಡುಗಿಯ ಮಾತನ್ನು ಅಂದು ದಿನಚರಿಯಲ್ಲಿ ಬರೆದುಕೊಂಡು, ಕೆಳಗೆ 'ಅಜ್ಞಾನ' ಎಂದು ಷರಾ ಹಾಕಿದೆ. ಯಾರ ಅಜ್ಞಾನ ಎಂದು ಬರೆಯದೆ ಬಿಟ್ಟದ್ದು ಆಮೇಲೆ ಅನುಕೂಲವೇ ಆಯಿತು.

ರಜೆ ಬಿಟ್ಟ ಕೂಡಲೇ ದುಂಡಸಿಯ ಬಸ್ಸು ಹತ್ತಿದೆ. ನಮ್ಮ ಹೊಲಮನೆ ದುಂಡಸಿಯ ಪಕ್ಕದ ಹಳ್ಳಿಯಲ್ಲಿ. ಅಲ್ಲಿ ಅವ್ವ, ತಮ್ಮ ಚನ್ನಬಸು, ಅವನ ಹೆಂಡತಿ, ಎರಡು ಎಮ್ಮೆ ಇದ್ದಾರೆ. ನಾನು ಚಪ್ಪಲಿ ಬಿಡುವ ಹೊತ್ತಿಗೇ ಚನ್ನಬಸು ಸುದ್ದಿ ಹೇಳಿದ: ಬದುವಿನ ಚಳ್ಳೆಮರವನ್ನು ತೆಗೆಸುತ್ತಿದ್ದಾನೆ. ಮರ ಕೊಯ್ಯುವ ಮಷಿನ್ನಿನವನಿಗೆ ಹೇಳಿಯಾಗಿದೆ, ಸೀಗಿ ಹುಣ್ಣಿಮೆಯ ಮರುದಿನ ಬರುತ್ತಾನೆ.

ಚಳ್ಳೆಮರ ಕಾಣದವರಿಗೆ ಒಂದು ಮಾತು. ಅದು ನೋಡಲಿಕ್ಕೆ ಏನೂ ಅಲ್ಲ. ದೊಗಳೆ ಎಲೆ, ಸೊಟ್ಟ ಕೊಂಬೆ. ಬೇಸಗೆಯಲ್ಲಿ ಗೋಲಿಯಷ್ಟು ಹಸಿರು ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಹಣ್ಣಾದರೆ ಒಳಗೆಲ್ಲ ಲೋಳೆ, ಬಾಯಿಗಿಟ್ಟರೆ ತುಟಿಗೆ ತುಟಿ ಅಂಟುತ್ತದೆ. ನಾವು ಸಣ್ಣವರಿದ್ದಾಗ ಗಾಳಿಪಟಕ್ಕೆ, ಹರಿದ ಪುಸ್ತಕಕ್ಕೆ, ರಾಖಿಯ ಚಮಕಿಗೆ ಅದೇ ಅಂಟು. ಮೋಸ ಮಾಡುವುದಕ್ಕೆ ಚಳ್ಳೆಹಣ್ಣು ತಿನ್ನಿಸುವುದು ಎಂದು ಹೆಸರಿಟ್ಟು ನಮ್ಮ ಜನ ಆ ಮರದ ಮಾನವನ್ನೂ ಕಳೆದಿದ್ದಾರೆ. ಒಟ್ಟಿನಲ್ಲಿ ಮನೆತನಸ್ಥರು ನಮ್ಮದು ಎಂದು ಹೇಳಿಕೊಳ್ಳುವ ಮರ ಅಲ್ಲ.

"ಅದನ್ಯಾಕ ಕಡಸ್ತೀಯೋ?" ಎಂದೆ.

"ನೆಳ್ಳು ಬೀಳ್ತೈತಿ. ನಾಕು ಸಾಲು ಗೋವಿನಜ್ವಾಳ ತೆನೀನ ಕಟ್ಟಂಗಿಲ್ಲ."

"ಅದು ಊಟದ ಮರ ಐತೋ. ಬೆಳಿ ಹೋದ್ರೂ ಅದು ಕಾಯಿ ಬಿಡ್ತೈತಿ."

"ಊಟದ್ದಾ? ಯಾರ ಊಟ ಮಾಡ್ಯಾರ ಅಕ್ಕಾ? ಗೊರವಂಕ ಮಾಡ್ಯಾವ."

ಶಿಬಿರದಲ್ಲಿ ಕಲಿತದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿದ. ಅವನ ದೊಡ್ಡ ಗುಣ ಅದು. ಎಮ್ಮೆ ಕೂಗಿದರೂ ಅಷ್ಟೇ ಸಾವಧಾನದಿಂದ ಕೇಳುತ್ತಾನೆ. ಕೊನೆಗೆ, "ಇಷ್ಟ ನೋಡು. ನಮ್ಮ ಮನ್ಯಾಗ ಯಾರರ ಒಬ್ಬರು ಆ ಗಿಡದ್ದು ಅಡಿಗಿ ಮಾಡಿ ಉಂಡಾರ ಅಂತ ತೋರಸು, ನಾ ಅದಕ್ಕ ಕೈ ಹಚ್ಚಂಗಿಲ್ಲ. ಇಲ್ಲಾ ಅಂದ್ರ ಹುಣ್ಣಿಮಿ ಮರುದಿನ ಮಷಿನ್ ಬರ್ತೈತಿ" ಎಂದ.

ನನಗೆ ಒಳಗೊಳಗೇ ನಗು ಬಂತು. ಸಾಕ್ಷಿ ನನ್ನ ತಲೆಯಲ್ಲೇ ಇತ್ತು. ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ಮಾವಿನ ಹೂವೆಲ್ಲ ಉದುರಿ, ಇಡೀ ಊರಲ್ಲೇ ಮಾವಿನಕಾಯಿ ಇರಲಿಲ್ಲ. ಆ ಬೇಸಗೆಯ ಒಂದು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಅವ್ವ ಮತ್ತು ನಾನು ಕೂತು ಬೇಯಿಸಿದ ಚಳ್ಳೆಕಾಯಿ ಒಡೆಯುತ್ತಿದ್ದೇವೆ. ಕೈಗೆ ಉಪ್ಪು ಹಚ್ಚಿಕೊಂಡು ಬೀಜ ತೆಗೆಯುತ್ತಿದ್ದೇವೆ. ನನ್ನ ಬೆರಳಿಗೆ ಬೆರಳು ಅಂಟಿದೆ. ಹಿತ್ತಲ ಬಾಗಿಲ ಅಗಳಿ ಹಾಕಿದೆ. ಇಷ್ಟು ಚಿತ್ರ ಸ್ಪಷ್ಟ. ಅವ್ವನ ಸೀರೆಯ ಬಣ್ಣ ಮಾತ್ರ ಒಮ್ಮೆ ಹಸಿರು ಕಾಣುತ್ತದೆ, ಒಮ್ಮೆ ಕಂದು.

ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತಿದ್ದಳು. ಹೋಗಿ ಎದುರಿಗೆ ಕೂತೆ.

"ಅವ್ವಾ, ಮಾವಿನಕಾಯಿ ಆಗದ ವರ್ಷ ನೀ ಚಳ್ಳಿಕಾಯಿ ಉಪ್ಪಿನಕಾಯಿ ಹಾಕಿದ್ದಿ, ಹೌದಿಲ್ಲೋ?"

ಮೊರ ನಿಂತಿತು. "ಯಾರಂದ್ರು?"

"ಯಾರ್ ಅನ್ನೂದು, ನಾನ ಅಲ್ಲೇ ಇದ್ನಲ್ಲಾ."

"ನೀ ಆವಾಗ ಜ್ವರ ಬಂದು ಮಲಗಿದ್ದಿ" ಎಂದಳು ಅವ್ವ. ಮೊರ ಮತ್ತೆ ಆಡತೊಡಗಿತು. "ನಮ್ಮ ಮನ್ಯಾಗ ಚಳ್ಳಿಕಾಯಿ ಉಪ್ಪಿನಕಾಯಿ ಹಾಕ್ತಾರೇನ? ಓದಿದಾಕಿ ಅದೀ, ಏನೇನರ ಮಾತಾಡಬ್ಯಾಡ."

ಜ್ವರ! ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಜ್ವರ ಬಂದಿದ್ದರೂ ಬಂದಿರಬಹುದು. ಜ್ವರದಲ್ಲಿ ಕಂಡದ್ದನ್ನೇ ನಾನು ಇಷ್ಟು ವರ್ಷ ನೆನಪೆಂದು ಸಾಕಿಕೊಂಡಿದ್ದರೂ ಇರಬಹುದು. ಹಿತ್ತಲ ಕಟ್ಟೆಯ ಚಿತ್ರ ಕಣ್ಣೆದುರಿಗೇ ಸ್ವಲ್ಪ ಮಂಜಾಯಿತು. ಮೊದಲು ಅವ್ವನ ಸೀರೆ ಹೋಯಿತು, ಆಮೇಲೆ ಅಗಳಿ.

ಆದರೆ ಒಂದು ಹೆಸರು ಉಳಿಯಿತು: ಸವಣೂರಿನ ಅತ್ತಿ. ಅಪ್ಪನ ಅಕ್ಕ. ಅಪ್ಪ ಈಗಿಲ್ಲ, ಆದರೆ ಅತ್ತಿ ಎಂಬತ್ತರ ಮೇಲೂ ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಾಳೆ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ರೊಟ್ಟಿ ನೋಡಿ, "ಪಾಪ, ಇದು ಎಲ್ಲಾ ಕಡೆ ಒಂದ ಸವನ ದಪ್ಪ ಐತಿ" ಎಂದವಳು ಈ ಅತ್ತಿ. ಅವ್ವನ ಕೈಯ ಯಾವ ಅಡಿಗೆಯನ್ನೂ ಪೂರ್ತಿ ಚಲೋ ಎನ್ನದ ಅತ್ತಿಯ ಬಾಯಿ ಕಟ್ಟಿದ್ದು ಒಂದೇ ಒಂದು ಪದಾರ್ಥ. ಆ ವರ್ಷ ಅತ್ತಿಯ ಮಗಳನ್ನು ನೋಡಲು ಹಿರೇಕೆರೂರಿನಿಂದ ಬೀಗರಾಗುವವರು ಬಂದಿದ್ದರು. ಯಾವುದೋ ಕಾರಣಕ್ಕೆ ಊಟ ನಮ್ಮ ಮನೆಯಲ್ಲೇ ಆಯಿತು. ಗಂಡಿನ ತಾಯಿ ಉಪ್ಪಿನಕಾಯಿಯನ್ನು ಮೂರು ಸಲ ಹಾಕಿಸಿಕೊಂಡು, ಇಂಥ ಉಪ್ಪಿನಕಾಯಿ ಹಾಕುವ ಮನೆತನದಿಂದ ಹೆಣ್ಣು ತರಲು ನಮಗೇನೂ ಅಡ್ಡಿಯಿಲ್ಲ ಎಂದಳಂತೆ. ಸಂಬಂಧ ಕೂಡಿತು. ಅಂದಿನಿಂದ ಅತ್ತಿ ನಾಲ್ಕೂ ತಾಲೂಕಿನ ನೆಂಟರ ಮದುವೆ ಮುಂಜಿಗಳಲ್ಲಿ ಅದನ್ನೇ ಹೇಳುತ್ತಾಳೆ. ಅವ್ವ ಪ್ರತಿ ವರ್ಷ ಮಾವಿನಕಾಯಿಯದನ್ನು ಹಾಕಿ ಭರಣಿ ಕಳಿಸುತ್ತಾಳೆ. ಪ್ರತಿ ವರ್ಷ ಅತ್ತಿ ನೆಕ್ಕಿ ನೋಡಿ ಒಂದೇ ಮಾತು ಹೇಳುತ್ತಾಳೆ: "ಚಲೋ ಐತಿ. ಆದ್ರ ಆ ವರ್ಷದ್ದು ಇದ್ದಂಗ ಇಲ್ಲ."

ಈಗ ಲೆಕ್ಕ ಹಾಕಿ ನೋಡಿ. ಆ ವರ್ಷ ಅಂದರೆ ಮಾವು ಆಗದ ವರ್ಷ. ಊರಲ್ಲೇ ಮಾವಿನಕಾಯಿ ಇಲ್ಲದ ಮೇಲೆ ಭರಣಿಯಲ್ಲಿ ಏನಿತ್ತು? ಇಷ್ಟು ಸರಳ ಪ್ರಶ್ನೆಯನ್ನು ಇಷ್ಟು ವರ್ಷ ನಾಲ್ಕು ತಾಲೂಕಿನಲ್ಲಿ ಯಾರೂ ಕೇಳಿರಲಿಲ್ಲ. ಊಟ ಚೆನ್ನಾಗಿದ್ದರೆ ಯಾರೂ ಕೇಳುವುದಿಲ್ಲ.

ದಿನಚರಿ ಇತ್ತಲ್ಲ! ಅಟ್ಟದ ಟ್ರಂಕಿನಿಂದ ಆರನೇ ಇಯತ್ತೆಯ ವಹಿ ತೆಗೆದೆ. ತೆಗೆದು ನೋಡಿದರೆ ಏಪ್ರಿಲ್‌ನಿಂದ ಮೇ ತನಕದ ಪುಟಗಳು ಒಂದಕ್ಕೊಂದು ಅಂಟಿ ಒಂದು ಹಲಗೆಯಂತಾಗಿವೆ. ಆ ಬೇಸಗೆಯಲ್ಲಿ ನಾನು ಸಿಕ್ಕಸಿಕ್ಕ ಎಲೆ, ಬಸ್ಸಿನ ಟಿಕೆಟ್ಟು, ಪತ್ರಿಕೆಯ ಚಿತ್ರ ಎಲ್ಲವನ್ನೂ ಅದರಲ್ಲಿ ಅಂಟಿಸಿದ್ದೆ. ಅಂಟಿಸಿದ್ದು ಚಳ್ಳೆಹಣ್ಣಿನಿಂದ. ಮರ ತನ್ನ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನು ತಾನೇ ಹಿಡಿದುಕೊಂಡು ಕೂತಿತ್ತು. ಅಂಟು ಅಷ್ಟು ಗಟ್ಟಿ ಎಂಬುದಕ್ಕೆ ಮಾತ್ರ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಅನ್ನದ ಪಾತ್ರೆಯ ಹಬೆಗೆ ಹಿಡಿದೆ. ವಿಜ್ಞಾನ ಶಿಕ್ಷಕಿಯಾಗಿ ಹಬೆ ಅಂಟನ್ನು ಸಡಿಲಿಸುತ್ತದೆ ಎಂದು ಗೊತ್ತಿತ್ತು. ಅದೇ ಹಬೆ ಶಾಯಿಯನ್ನೂ ಸಡಿಲಿಸುತ್ತದೆ ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು. ಪುಟ ಬಿಚ್ಚಿದಾಗ ನೀಲಿ ಕೆರೆಯ ನಡುವೆ ಇಷ್ಟು ಉಳಿದಿತ್ತು: 'ಇವತ್ತು ಅವ್ವ ಮತ್ತು ನಾನು... ಕಾಯಿ... ಕೈಯೆಲ್ಲ ಅಂಟು... ಯಾರ ಮುಂದೂ ಹೇಳ...'

ಒಯ್ದು ಚನ್ನಬಸುವಿಗೆ ತೋರಿಸಿದೆ. ಅವನು ವಹಿಯನ್ನು ಬೆಳಕಿಗೆ ಹಿಡಿದು ಓದಿದ.

"ಕಾಯಿ ಅಂತೈತಿ. ಯಾವ ಕಾಯಿ?"

"ಕೈಯೆಲ್ಲ ಅಂಟು ಅಂತ ಮುಂದ ಐತಲ್ಲೋ."

"ಹಲಸಿನಕಾಯಿಗೂ ಅಂಟು ಇರತೈತಿ."

ಕಂಡದ್ದನ್ನು ಬರೆಯಬೇಕು, ಅಂದುಕೊಂಡದ್ದನ್ನಲ್ಲ. ಹಲಸಿನಕಾಯಿಗೂ ಅಂಟು ಇರುತ್ತದೆ. ಎರಡು ವರ್ಷದ ಓದು ನನಗೆ ಕೊಟ್ಟದ್ದು ಇಷ್ಟೇ, ನನ್ನ ವಿರುದ್ಧವೇ ವಾದಿಸುವ ತಾಕತ್ತು.

ಉಳಿದದ್ದು ಅತ್ತಿಯ ನಾಲಿಗೆ. ಹುಣ್ಣಿಮೆಗೆ ಎರಡು ದಿನವಿರುವಾಗ, ಸಂಜೆ ಚಹಾದ ಹೊತ್ತಿಗೆ, ಪಡಸಾಲೆಯಲ್ಲಿ ಅವ್ವ, ಚನ್ನಬಸು ಇಬ್ಬರೂ ಇರುವುದನ್ನು ನೋಡಿಕೊಂಡು ಸವಣೂರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ. ಅತ್ತಿಯ ಜೊತೆ ನೇರ ವಿಷಯಕ್ಕೆ ಹೋಗಲಾಗುವುದಿಲ್ಲ. ಮೊದಲು ಅಲ್ಲಿನ, ಆಫ್ರಿಕಾ ಮೂಲದ ದೊಡ್ಡ ಹುಣಸೆ ಮರಗಳ ಮಾತು ತೆಗೆದೆ. ಹತ್ತು ಜನ ಕೈಕೈ ಹಿಡಿದರೂ ತಬ್ಬಲಾಗದ ಆ ಮರಗಳ ಎಲೆಯನ್ನು ಆಫ್ರಿಕಾದಲ್ಲಿ ಪಲ್ಯ ಮಾಡಿ ತಿನ್ನುತ್ತಾರಂತೆ ಅತ್ತಿ, ಶಿಬಿರದಲ್ಲಿ ಹೇಳಿದರು ಎಂದೆ.

"ಅಲ್ಲೆ ಪಲ್ಯಾ ಮಾಡವಲ್ರ್ಯಾಕ" ಎಂದಳು ಅತ್ತಿ. "ಇಲ್ಲೆ ಕೈ ಮುಗಿತೇವಿ. ಕೈ ಮುಗದದ್ದಕ್ಕ ಇನ್ನೂ ನಿಂತಾವ. ಪಲ್ಯಾ ಮಾಡಿದ್ರ ಯಾವಾಗೋ ಹೋಗಿರ್ತಿದ್ವು."

ಇದನ್ನು ನಾನು ಬರೆದುಕೊಂಡು ಅಲ್ಲಿಗೇ ಬಿಟ್ಟೆ. ಅವ್ವ ಬಿಡಲಿಲ್ಲ ಎಂದು ತಿಳಿದದ್ದು ಆಮೇಲೆ.

"ಅತ್ತಿ, ಆ ವರ್ಷದ ಉಪ್ಪಿನಕಾಯಿ ಹೆಂಗಿತ್ತು? ಬರಕೊಳ್ಳಾಕ ಕೇಳಾಕತ್ತೇನಿ."

ಎದುರಿಗೆ ಅವ್ವನ ಚಹಾ ಬಸಿ ತುಟಿಯ ಹತ್ತಿರ ನಿಂತಿತು.

"ಹೆಂಗಿತ್ತು ಅಂದ್ರ! ಹೋಳು ನಾಲಿಗಿ ಮ್ಯಾಲ ಇಟ್ಟರ ಜಾರಿ ಹೋಗ್ತಿದ್ವು ಯವ್ವಾ, ಜಾರಿ! ಅಂಥಾ ಮಾವಿನಕಾಯಿ ನಾ ಈ ಜನ್ಮದಾಗ ತಿಂದಿಲ್ಲ. ಎಲ್ಲಿಂದ ತರಿಸಿದ್ದಿ ಅಂತ ನಿಮ್ಮವ್ವಗ ಕೇಳಿ ಕೇಳಿ ಸಾಕಾತು. ನೀ ಮದಲಿಗೆ ಬಂದಾಗ ನಿನಗ ಏನೂ ಬರಂಗಿಲ್ಲ ಅಂದಿದ್ನೆವಾ, ಆ ಮಾತು ಹಿಂದಕ್ಕ ತಗೋತೇನಿ ಅಂತ ಎಲ್ಲಾರ ಮುಂದ ಅಂದೇನಿ. ನಾ ಯಾರಿಗೂ ಹಂಗ ಅಂದಾಕಿ ಅಲ್ಲ."

ಜಾರುವ ಮಾವಿನಕಾಯಿ ಸಸ್ಯಶಾಸ್ತ್ರದಲ್ಲಿ ಇಲ್ಲ. ಚನ್ನಬಸುವೂ ತಲೆಯೆತ್ತಿದ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಅತ್ತಿ, ಅದರಲ್ಲಿ ಗೊರಟೆ ಇತ್ತೇ? ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವ್ವನ ಮುಖ ನೋಡಿದೆ.

ಅವ್ವ ನನ್ನನ್ನು ನೋಡುತ್ತಿರಲಿಲ್ಲ. ಫೋನನ್ನು ನೋಡುತ್ತಿದ್ದಳು. ನಲವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅವಳಿಗೆ ಅತ್ತಿಯಿಂದ ಸಿಕ್ಕಿದ್ದ ಒಂದೇ ಒಂದು ಒಳ್ಳೆಯ ಮಾತು ಆ ಫೋನಿನಲ್ಲಿ ಇನ್ನೂ ಬಿಸಿಯಾಗಿತ್ತು. ಅದು ಚಳ್ಳೆಕಾಯಿ ಎಂದು ಗೊತ್ತಾದರೆ ಅತ್ತಿ ಹಿಂದಕ್ಕೆ ತೆಗೆದುಕೊಂಡಿದ್ದ ಹಳೆಯ ಮಾತನ್ನು ಮತ್ತೆ ಎಲ್ಲರ ಮುಂದೆ ಮುಂದಕ್ಕೆ ತರುತ್ತಾಳೆ. ಹಿರೇಕೆರೂರಿನ ಬೀಗರಿಗೆ ನಾವು ತಿನ್ನಿಸಿದ್ದೇನು ಎಂದು ನಾಲ್ಕು ತಾಲೂಕು ನಗುತ್ತದೆ. ನಮಗೆ ರೇಷನ್ ಬರುತ್ತದೆ ಎಂದ ಆ ಹುಡುಗಿ ನೆನಪಾದಳು. 'ಅಜ್ಞಾನ' ಎಂಬ ಷರಾ ಯಾರದೆಂದು ಆಗ ಗೊತ್ತಾಯಿತು.

"ಮಳಿ ಹೆಂಗಾತ್ರಿ ಅತ್ತಿ?" ಎಂದು ಕೇಳಿದೆ. ಅತ್ತಿ ಮಳೆಯ ಬಗ್ಗೆ ಬಹಳ ಹೊತ್ತು ಹೇಳಿದಳು. ಮರ ಹೋಯಿತು ಎಂದು ಅಂದು ದಿನಚರಿಯಲ್ಲಿ ಬರೆದೆ. ಆ ವಾಕ್ಯದಲ್ಲಿ 'ಬಹುಶಃ' ಇರಲಿಲ್ಲ.

ಹುಣ್ಣಿಮೆಯ ದಿನ ಎಲ್ಲರೂ ಹೊಲಕ್ಕೆ ಹೋದೆವು. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ, ಬನ್ನಿಮರದ ಬುಡಕ್ಕೆ ಪಾಂಡವರೆಂದು ಕೂರಿಸಿ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಪಾಂಡವರು ಕೂತ ಗಿಡಕ್ಕೆ ಯಾರೂ ಕೊಡಲಿ ತಾಗಿಸುವುದಿಲ್ಲ. ಎಡೆ ಕೊಟ್ಟ ಮೇಲೆ ಕಡುಬು, ಪಲ್ಯ, ಅನ್ನ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ, ಅದು ಚರಗ. ಬಸುರಿ ಭೂಮಿತಾಯಿಯ ಬಯಕೆಯ ಊಟ. ನಮ್ಮ ಪಾಂಡವರು ನಾನು ಕಂಡಾಗಿನಿಂದ ಮೂಡಣ ದಿಕ್ಕಿನ ಬನ್ನಿಯ ಕೆಳಗೇ ಕೂರುತ್ತಾರೆ. ಚನ್ನಬಸು ಬುಟ್ಟಿ ಹೊತ್ತು ಅತ್ತಲೇ ನಡೆದ. ಅವ್ವ ಮಾತ್ರ ಸೆರಗಿನಲ್ಲಿ ಐದು ಕಲ್ಲು ಕಟ್ಟಿಕೊಂಡು, ಸುಣ್ಣದ ಡಬ್ಬಿ ಹಿಡಿದು, ಬದುವಿನ ಮೇಲೆ ಪಡುವಣಕ್ಕೆ ಹೊರಟಳು.

"ಯವ್ವಾ, ಆ ಕಡೆ ಎಲ್ಲಿ ಹೊಂಟಿ?" ಎಂದು ಚನ್ನಬಸು ಕೂಗಿದ.

"ಬನ್ನಿಗಿಡದ ಬುಡಕ ಇರುವಿ ಭಾಳ ಆಗ್ಯಾವ."

"ಇರುವಿ ನಾ ಹುಟ್ಟಿದಾಗಿಂದ ಅದಾವ!"

"ಪಾಂಡವರು ಎಷ್ಟ ವರ್ಷ ಸೈಸ್ಕೋಬೇಕೋ?" ಎಂದ ಅವ್ವ ಚಳ್ಳೆಮರದ ಬುಡದಲ್ಲಿ ಕೂತು, ಜಾಗ ಸಾರಿಸಿ, ಒಂದೊಂದೇ ಕಲ್ಲು ಇಟ್ಟಳು. ಸುಣ್ಣ ಹಚ್ಚಿದಳು. ಕುಂಕುಮ ಇಟ್ಟಳು. ಮರದ ಕಾಂಡಕ್ಕೆ ಒಂದು ಹೊಸ ಕುಪ್ಪಸದ ಕಣ ಸುತ್ತಿ ಉಡಿ ತುಂಬಿದಳು. ಇದೆಲ್ಲ ಮಾಡುವಾಗ ನಮ್ಮಿಬ್ಬರ ಕಡೆ ಒಮ್ಮೆಯೂ ನೋಡಲಿಲ್ಲ.

ಚನ್ನಬಸು ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡೇ ಅಲ್ಲಿಗೆ ಬಂದ. ಮರ ನೋಡಿದ, ಕಲ್ಲು ನೋಡಿದ, ನಾಲ್ಕು ಸಾಲು ಗೋವಿನಜೋಳ ನೋಡಿದ. "ಬ್ಯಾರೆ ಗಿಡ ಸಿಗಲಿಲ್ಲೇನ ಯವ್ವಾ?" ಎಂದ.

"ಕುಂತಾರ. ಎಬ್ಬಸ್ತಿಯೇನು?"

ಅವನು ಬುಟ್ಟಿ ಇಳಿಸಿ, ದೂರ ಹೋಗಿ ಫೋನ್ ಹಚ್ಚಿದ. ಗಾಳಿಗೆ ಮಾತು ಕೇಳಿಸುತ್ತಿತ್ತು: "ನಾಳಿಗೆ ಬರಬ್ಯಾಡೋ... ಇಲ್ಲಪಾ, ಐದು ಮಂದಿ ಬಂದು ಕುಂತಾರ... ಯಾವಾಗ ಏಳತಾರ? ಅವರು ಏಳೂ ಅಂಥಾ ಮಂದಿ ಅಲ್ಲ."

ಶಿಬಿರದಲ್ಲಿ ಎರಡು ದಿನ, ದಿನಚರಿಯಲ್ಲಿ ಒಂದು ವಾರ, ಹಬೆ, ಫೋನು, ಸಸ್ಯಶಾಸ್ತ್ರ ಇವೆಲ್ಲ ಸೇರಿ ಮಾಡಲಾಗದ್ದನ್ನು ಅವ್ವ ಐದು ಕಲ್ಲು ಮತ್ತು ಒಂದು ಇರುವೆಯ ದೂರಿನಿಂದ ಮಾಡಿ ಮುಗಿಸಿದ್ದಳು. ಮರ ಉಳಿಯಿತು. ಅತ್ತಿಯ ಮಾತೂ ಉಳಿಯಿತು. ಸವಣೂರಿನ ಮರಗಳ ಬಗ್ಗೆ ಅತ್ತಿ ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ, ಅವ್ವ ಬಳಸಿಕೊಂಡಳು.

ಮರದ ಕೆಳಗೇ ಊಟಕ್ಕೆ ಕೂತೆವು. ಗೋವಿನಜೋಳಕ್ಕೆ ನೆರಳು ಕೆಟ್ಟದ್ದಿರಬಹುದು, ಊಟಕ್ಕೆ ಚೆನ್ನಾಗಿತ್ತು. ಅವ್ವ ನನ್ನ ರೊಟ್ಟಿಯ ಮೇಲೆ ಈ ವರ್ಷದ ಉಪ್ಪಿನಕಾಯಿ ಹಾಕಿದಳು. ಹೋಳು ಜಾರಲಿಲ್ಲ. ಮಾವಿನಕಾಯಿಯೇ. "ಚಲೋ ಐತಿ" ಎಂದೆ. "ಆದ್ರ" ಎನ್ನಲಿಲ್ಲ. ಅವ್ವ ಇನ್ನೊಂದು ಹೋಳು ಹಾಕಿದಳು.

ಮನೆಗೆ ಬಂದು ಆ ಹಳೆಯ ವಹಿಯನ್ನು ಮತ್ತೆ ತೆರೆದು ನೋಡಿದೆ. 'ಯಾರ ಮುಂದೂ ಹೇಳ...' ಹೇಳಬೇಡ ಅಂದಳು ಅವ್ವ, ಎಂದು ಇದ್ದಿರಬೇಕು. ಹೇಳುವುದಿಲ್ಲ ಅಂದೆ, ಎಂದೂ ಇರಬಹುದು. ಎರಡರಲ್ಲಿ ಯಾವುದಾದರೂ ನಾನು ಒಂದು ಮಾತು ಕೊಟ್ಟಿದ್ದೆ ಎಂದಾಯಿತು. ಆಮೇಲೆ ಅದನ್ನು ಮರೆತೆ, ಮರೆತದ್ದನ್ನು ಹಬೆಗೆ ಹಿಡಿದೆ, ತಮ್ಮನಿಗೆ ಓದಿಸಿದೆ, ಸವಣೂರಿಗೆ ಸ್ಪೀಕರ್ ಹಾಕಿದೆ. ಈಗ ಇಲ್ಲಿ ನಿಮ್ಮ ಮುಂದೆ ಕೂತಿದ್ದೇನೆ. ಅತ್ತಿಗೆ ಕನ್ನಡಕ ಹೊಸದು ಬಂದಿದೆ, ಕೈಗೆ ಸಿಕ್ಕ ಪತ್ರಿಕೆಯನ್ನು ಜಾಹೀರಾತು ಸಮೇತ ಓದುತ್ತಾಳೆ. ಅದಕ್ಕೇ ಮೊದಲ ಸಾಲಿನಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಹೇಳಿದ್ದು. ಅತ್ತಿ, ನೀವು ಇದನ್ನು ಓದುತ್ತಿದ್ದರೆ, ಅದು ಹಲಸಿನಕಾಯಿಯೂ ಇರಬಹುದು.

ರಜೆ ಮುಗಿಸಿ ಹೊರಟ ದಿನ ಅವ್ವ ಬಸ್ಸಿನ ತನಕ ಬಂದಳು. ಚೀಲದಲ್ಲಿ ರೊಟ್ಟಿ, ಹೆಸರುಕಾಳು, ಒಂದು ಸಣ್ಣ ಭರಣಿ. ಬಸ್ಸು ಬರುವುದು ಕಂಡಾಗ ಕೇಳಿಬಿಟ್ಟೆ:

"ಅವ್ವಾ, ಆವತ್ತು ಯಾರ ಮುಂದೂ ಹೇಳಬ್ಯಾಡ ಅಂತ ಅಂದಿದ್ದಿ. ಬರೀಬ್ಯಾಡ ಅಂತೇನೂ ಅಂದಿದ್ದಿಲ್ಲ, ಹೌದಿಲ್ಲೋ?"

ಅವ್ವ ಚೀಲದ ಬಾಯಿ ಇನ್ನೊಮ್ಮೆ ಬಿಗಿಯಾಗಿ ಕಟ್ಟಿ ನನ್ನ ಕೈಗೆ ಕೊಟ್ಟು, ಬಸ್ಸಿಗೆ ಕೈ ಮಾಡಿದಳು.